ಹಮಾಮಿನ ಕಿಮ್ಮತ್ತು

ಆಳಂದದಲ್ಲಿ ಆಗ ಬಚ್ಚಲೆಂದರೆ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ, ನೀರು ಹೋಗಲು ಒಂದು ಮೋರಿ, ಮರೆಗೆ ಒಂದು ಹಳೆಯ ಸೀರೆ. ಎಳೆಗೂಸಿನಿಂದ ಹಿಡಿದು ಹಣ್ಣುಮುದುಕರ ತನಕ ಎಲ್ಲರ ಸ್ನಾನವೂ ಅಷ್ಟರಲ್ಲೇ ಮುಗಿಯುತ್ತಿತ್ತು. ಉಸ್ಮಾನಸಾಬನ ಮನೆಯದು ಮಾತ್ರ ಬೇರೆ ಸಂಗತಿ. ಬಟ್ಟೆ ವ್ಯಾಪಾರಕ್ಕೆಂದು ಬೀದರಿಗೆ ಹೋದವನು ಅಲ್ಲಿ ಯಾರದೋ ಹವೇಲಿಯಲ್ಲಿ ನೆಲ ಬೆಚ್ಚಗಾಗುವ ಹಮಾಮು ಕಂಡು ಬಂದು, ತನ್ನ ಹೆಂಡತಿ ಚಾಂದಬೀಗೂ ಅಂಥದೇ ಆಗಬೇಕೆಂದು ಹಟ ಹಿಡಿದಿದ್ದ. ಊರ ಬಾಯಿ ಸುಮ್ಮನಿರುತ್ತದೆಯೇ? ಮೈ ತೊಳೆಯುವ ಜಾಗಕ್ಕೆ ಇಷ್ಟು ದುಡ್ಡು ಸುರಿಯುವವನಿಗೆ ತಲೆ ಕೆಟ್ಟಿದೆ ಎಂದು ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ನೋಡಲು ಬಂದರು.

ಕಟ್ಟಿದವನು ಗೌಂಡಿ ದೇವಿಂದ್ರಪ್ಪ. ಎಂಟು ತಿಂಗಳು ಬೇರೆ ಕೆಲಸ ಮುಟ್ಟದೆ ಕಟ್ಟಿದ. ತಾಮ್ರದ ಹಂಡೆಯನ್ನು ಗೋಡೆಯಲ್ಲಿ ಕೂರಿಸಿ, ಉರಿ ಹಾಕುವ ಒಲೆಯ ಬಾಯಿಯನ್ನು ಹಿತ್ತಲಿಗೆ ಇಟ್ಟ. ಹೊಗೆಯನ್ನು ನೇರ ಮೇಲೆ ಬಿಡದೆ ನೆಲದ ಅಡಿಗೆ ತಿರುಗಿಸಿದ. ಶಹಾಬಾದದ ಹಾಸುಗಲ್ಲುಗಳ ಕೆಳಗೆ ಒಬ್ಬಾಳು ಮಲಗುವಷ್ಟು ಅಗಲದ ಸುರಂಗ. ಬಿಸಿ ಹೊಗೆ ಅದರೊಳಗೆ ಹಾದು ಎದುರು ಗೋಡೆಯ ಚಿಮಣಿಯಿಂದ ಹೊರಗೆ. ವರ್ಷಕ್ಕೊಮ್ಮೆ ಇಳಿದು ಮಸಿ ಕೆರೆದು ತೆಗೆಯಲೆಂದು ಮೂಲೆಯ ಒಂದು ಕಲ್ಲನ್ನು ಗಾರೆ ಹಾಕದೆ ಬಿಟ್ಟಿದ್ದ. ಒಳಗಿನಿಂದ ತಳ್ಳಿದರೂ ಮೇಲೇಳುತ್ತಿತ್ತು.

ಉಸ್ಮಾನಸಾಬ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ ಆ ಸುರಂಗದೊಳಗೆ ಅವನ ಮಗ ಸಿಕಂದರ ಮಲಗುತ್ತಿದ್ದ.

ಹತ್ತೊಂಬತ್ತರ ಹುಡುಗ. ಆ ಬೇಸಿಗೆಯಲ್ಲಿ ಖಾಕಿ ಅಂಗಿ ತೊಟ್ಟು, ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಜೊತೆ ಸೇರಿ ಎರಡು ತಿಂಗಳು ಮೆರೆದಿದ್ದ. ಮೆರೆದ ಎಂದೇ ಹೇಳಬೇಕು, ತಾಯಿಯ ಮುಖ ನೋಡಿ ಸುಳ್ಳು ಹೇಳಲಾಗದು. ಒಂದು ನಸುಕಿನಲ್ಲಿ ಮನೆಗೆ ಬಂದಾಗ ಅವನ ಅಂಗಿ ಸುಟ್ಟ ಚಪ್ಪರದ ವಾಸನೆ ಹೊಡೆಯುತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಚಾಂದಬೀ ಕೇಳಲಿಲ್ಲ. ಕೇಳಬೇಕಿತ್ತು. ಸುಮ್ಮನೆ ಅಂಗಿ ತೊಳೆದು ಒಣಹಾಕಿದಳು. ಸೆಪ್ಟೆಂಬರಿನಲ್ಲಿ ಇಂಡಿಯಾದ ಫೌಜು ಬಂತು. ಐದೇ ದಿನಕ್ಕೆ ನಿಜಾಮನ ಆಡಳಿತ ಮಕಾಡೆ ಬಿತ್ತು. ಮನೆ ಸುಡಿಸಿಕೊಂಡವರು ಈಗ ಕೋಲು ಕೊಡಲಿ ಹಿಡಿದು, ಖಾಕಿ ತೊಟ್ಟಿದ್ದವರನ್ನೂ ತೊಡದೇ ಇದ್ದವರನ್ನೂ ಹುಡುಕತೊಡಗಿದರು. ಸಿಕಂದರ ಹೈದರಾಬಾದಿಗೆ ಓಡಿಹೋದನೆಂದು ಚಾಂದಬೀ ಕೇಳಿದವರಿಗೆಲ್ಲ ಹೇಳಿದಳು. ಬೆಳಗಿನ ಜಾವ ಅವನನ್ನು ಹಾಸುಗಲ್ಲಿನ ಕೆಳಗೆ ಇಳಿಸಿ, ಕಲ್ಲಿನ ಮೇಲೆ ಒದ್ದೆ ಬಟ್ಟೆಗಳ ರಾಶಿ ಹಾಕುತ್ತಿದ್ದಳು. ಕತ್ತಲಾದ ಮೇಲೆ ಎಬ್ಬಿಸಿ ರೊಟ್ಟಿ ಕೊಡುತ್ತಿದ್ದಳು. ಹದಿನಾರು ದಿನದಿಂದ ಹಮಾಮಿನ ಒಲೆಗೆ ಕಡ್ಡಿ ಗೀರಿರಲಿಲ್ಲ.

ಮನೆ ಮಾರಬೇಕು. ಆ ದುಡ್ಡಿನಲ್ಲಿ ಗುಲಬರ್ಗಾ ತನಕ ಒಂದು ಕಮಾನು ಬಂಡಿ, ಮಗನಿಗೊಂದು ಬುರ್ಖಾ, ಅಲ್ಲಿಂದ ರೈಲು, ಹೈದರಾಬಾದಿನಲ್ಲಿ ತಮ್ಮನ ಮನೆ. ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಕೊಳ್ಳಲು ಮುಂದಾದವನು ಕಡಗಂಚಿಯ ಕಾಳಿನ ವ್ಯಾಪಾರಿ ಶಾಂತಲಿಂಗಪ್ಪ. ಅಫಜಲಪುರದ ಕಡೆ ಅವನ ಅಣ್ಣನ ಮನೆಯನ್ನು ಆ ಬೇಸಿಗೆಯಲ್ಲೇ ಖಾಕಿಯವರು ಸುಟ್ಟಿದ್ದರು. ಬೆಂಕಿ ಆರಿಸಲು ಹೋದ ಅಣ್ಣ ಹೊರಗೆ ಬಂದಿರಲಿಲ್ಲ. ಶಾಂತಲಿಂಗಪ್ಪ ಕೆಟ್ಟವನಲ್ಲ, ಆದರೆ ಆ ದಿನಗಳಲ್ಲಿ ಅವನು ಒಬ್ಬನೇ ತಿರುಗುತ್ತಿರಲಿಲ್ಲ. ಅಣ್ಣನ ಊರಿನ ನಾಲ್ವರು ಬಡಿಗೆ ಹಿಡಿದು ಸದಾ ಜೊತೆಗಿರುತ್ತಿದ್ದರು.

ಶುಕ್ರವಾರ ಬರುತ್ತೇನೆಂದವನು ಬುಧವಾರ ಮುಂಜಾನೆಯೇ ಬಂದ. ಮನೆ ಕೊಳ್ಳುವಾಗ ಗೌಂಡಿಯನ್ನು ಕರೆತಂದು ತೋರಿಸುವುದು ಅಲ್ಲಿಯ ವಾಡಿಕೆ. ಗೌಂಡಿ ಗೋಡೆ ತಟ್ಟಿ, ಬಚ್ಚಲಿಗೆ ಒಂದು ಕೊಡ ನೀರು ಸುರಿದು, ಒಲೆ ಹಚ್ಚಿ ನೋಡಿ ಹೇಳಿದ್ದೇ ದರ. ಶಾಂತಲಿಂಗಪ್ಪನ ಜೊತೆ ಬಂದ ಗೌಂಡಿ ದೇವಿಂದ್ರಪ್ಪನೇ. ಚಾಂದಬೀಗೆ ಒಂದು ಕ್ಷಣ ಜೀವ ಬಂದಂತಾಯಿತು. ಆತ ಅವಳ ಅನ್ನ ಉಂಡವನು, ಮೋಸ ಮಾಡುವವನಲ್ಲ.

"ಅಂಜಬ್ಯಾಡ್ರಿ ಅಮ್ಮಾ, ನಿಜಾಮನ ಹಾಲಿ ರೂಪಾಯಿ ಎರಡು ಸಾವಿರಕಿಂತ ಒಂದು ಪೈ ಕಡಿಮಿ ಆಗ್ಲಾಕ ನಾ ಬಿಡೂದಿಲ್ಲ" ಎಂದು ದೇವಿಂದ್ರಪ್ಪ ಬಾಗಿಲಲ್ಲೇ ಮೆಲ್ಲಗೆ ಹೇಳಿದ. ಬಡಿಗೆಯ ನಾಲ್ವರೂ ಹೊರಗೆ ಕಟ್ಟೆಯ ಮೇಲೆ ಕೂತರು.

ಚಾಂದಬೀ ಸೆರಗು ಸರಿಮಾಡಿಕೊಂಡು ಶಾಂತಲಿಂಗಪ್ಪನಿಗೆ ಪಡಸಾಲೆ, ಕೋಣೆ, ಮಾಳಿಗೆ ತೋರಿಸಿದಳು. ಹಮಾಮನ್ನು ಕಡೆಗೆ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ನಿಲ್ಲಿಸಿ ತೋರಿಸಿ ಕಳಿಸಿದರಾಯಿತು ಎಂದು ಅವಳ ಲೆಕ್ಕ. ಮಾಳಿಗೆಯ ಮೇಲೆ ನಿಂತಾಗ ಚಿಮಣಿಯಿಂದ ಹೊಗೆ ಏಳುವುದು ಕಂಡಿತು. ದೇವಿಂದ್ರಪ್ಪ ಜೊತೆಯಲ್ಲಿ ಇರಲಿಲ್ಲ.

ಚಾಂದಬೀ ಮೆಟ್ಟಿಲು ಹೇಗೆ ಇಳಿದಳೋ, ಹಿತ್ತಲು ಹೇಗೆ ಮುಟ್ಟಿದಳೋ. ಒಲೆಯ ಬಾಯಿಯ ಮುಂದೆ ದೇವಿಂದ್ರಪ್ಪ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಹಿಡಿದಿದ್ದ. ಒಳಗೆ ಜಾಲಿಯ ಕಟ್ಟಿಗೆ ಚಟಚಟ ಉರಿಯುತ್ತಿತ್ತು.

"ಆರಸು! ಯಾರ ಹೇಳಿದ್ರು ನಿನಗ ಹಚ್ಚು ಅಂತ?"

"ಯಾಕ್ರಿ ಅಮ್ಮಾ? ಕಲ್ಲು ಬೆಚ್ಚಗಾಗಿದ್ದು ಸಾವಕಾರ್ರ ಅಂಗಾಲಿಗಿ ತಿಳದ್ರ ಇನ್ನ ಐನೂರು ಏರಸ್ತಾರ."

ಉತ್ತರ ಕೊಡುವಷ್ಟರಲ್ಲಿ ಶಾಂತಲಿಂಗಪ್ಪ ಹಿಂದೆಯೇ ಬಂದು ನಿಂತಿದ್ದ. ಚಾಂದಬೀ ಬಾಯಿಗೆ ಬಂದದ್ದು ಹೇಳಿದಳು. "ಸಾವಕಾರ್ರ, ಈ ಹಮಾಮ ಕೆಟ್ಟದ. ಹೊಗಿ ಒಳಗ ತಿರಗತದ. ನೆಲ ಬಿಸಿ ಆಗೂದಿಲ್ಲ, ಕಲ್ಲ ಸೀಳ್ಯಾವ. ಸುಮ್ಮನ ಕಟ್ಟಿಗಿ ದಂಡ. ಆರಸಲಾಕ ಹೇಳ್ರಿ."

ದೇವಿಂದ್ರಪ್ಪನ ಮುಖ ಕಪ್ಪಿಟ್ಟಿತು. "ಕೆಟ್ಟದಾ? ನಾ ಕಟ್ಟಿದ ಹಮಾಮ ಕೆಟ್ಟದಾ?" ಇನ್ನೆರಡು ತುಂಡು ಕಟ್ಟಿಗೆ ಒಲೆಗೆ ತುರುಕಿದ. "ಹೋಗಿ ಕಲ್ಲಿನ ಮ್ಯಾಲ ನಿಂದರ್ರಿ ಸಾವಕಾರ್ರ. ಬಿಸಿ ಆಗಲಿಲ್ಲಂದ್ರ ನಾ ಇನ್ನ ಕರಣಿ ಹಿಡಿಯೂದಿಲ್ಲ."

ಮಾರುವವಳೇ ಮಾಲು ಕೆಟ್ಟದ್ದೆಂದರೆ ಯಾವ ವ್ಯಾಪಾರಿ ನೋಡದೆ ಬಿಡುತ್ತಾನೆ? ಅವಳ ಮಾತಿನಿಂದ ಆದದ್ದು ಇಷ್ಟೇ: ಬಾಗಿಲಿನಿಂದ ಇಣುಕಿ ಹೋಗಬೇಕಾದವನು ಕೆರ ಬಿಟ್ಟು ಹಮಾಮಿನ ನಟ್ಟನಡುವೆ ಹೋಗಿ ನಿಂತ. ಅವನ ಕಾಲಿಗೂ ಮಗನ ಎದೆಗೂ ನಡುವೆ ಮೂರು ಬೆರಳಿನ ಕಲ್ಲು.

"ಸಾವಿರದ ಐನೂರು ಕೊಡ್ರಿ ಸಾಕು. ಬರ್ರಿ, ಹೊರಗ ಕೂತು ಮಾತಾಡೂಣು."

"ಇರ್ರಿ ಅವ್ವಾರ, ಅವಸರ ಏನದ? ಕಾಲಿಗಿ ಈಗ ಸ್ವಲ್ಪ ಬೆಚ್ಚಗ ಹತ್ತಾಕತ್ತದ."

"ಸಾವಿರದ ಎರಡು ನೂರು."

ಶಾಂತಲಿಂಗಪ್ಪ ಅವಳನ್ನು ಅಚ್ಚರಿಯಿಂದ ನೋಡಿದ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ, ತಾನು ಬಾಯಿ ಬಿಡದೆಯೇ ದರ ಇಳಿಯುವುದನ್ನು ಅವನು ಕಂಡಿರಲಿಲ್ಲ. ಇಷ್ಟು ಇಳಿದವಳು ಇನ್ನಷ್ಟು ಇಳಿದಾಳೆಂದು ಸುಮ್ಮನೆ ನಿಂತ. ಆ ಸುಮ್ಮನೆ ನಿಲ್ಲುವಿಕೆಯನ್ನು ಚಾಂದಬೀ ಸಾಯುವ ತನಕ ಕ್ಷಮಿಸಲಿಲ್ಲ, ಅವನ ತಪ್ಪು ಏನೂ ಇರದಿದ್ದರೂ. ಕಿರುಚಿಬಿಡಲೇ ಎಂದುಕೊಂಡಳು. ಕಿರುಚಿದರೆ ಕಟ್ಟೆಯ ಮೇಲಿನ ನಾಲ್ವರು ಒಳಗೆ ಬರುತ್ತಾರೆ. ಕಿರುಚದಿದ್ದರೆ ಹೊಗೆ. ಇನ್ನು ಹತ್ತು ಎಣಿಸುವುದರಲ್ಲಿ ಇವನು ಹೊರಡುತ್ತಾನೆ ಎಂದು ಎಣಿಸಿದಳು. ಮತ್ತೆ ಹತ್ತು ಎಣಿಸಿದಳು.

ಅಷ್ಟರಲ್ಲಿ ದೇವಿಂದ್ರಪ್ಪ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ನೆಲ ಮುಟ್ಟಿ ನೋಡಲು ಬಗ್ಗಿದ. ಆಗಲೇ ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು. ಒಂದೇ ಒಂದು, ಅದೂ ಅರ್ಧಕ್ಕೆ ಹಿಚುಕಿದ್ದು.

"ಏನದು?" ಎಂದ ಶಾಂತಲಿಂಗಪ್ಪ.

ದೇವಿಂದ್ರಪ್ಪ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಆ ಸುರಂಗದ ಅಳತೆ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ತಲೆಯೆತ್ತಿ ಚಾಂದಬೀಯ ಮುಖ ನೋಡಿದ. ಅವಳ ಕಣ್ಣಲ್ಲಿ ಇದ್ದದ್ದನ್ನು ಓದಲು ಅವನಿಗೆ ಅಕ್ಷರ ಬೇಕಾಗಿರಲಿಲ್ಲ.

"ಮಸಿ ಬಿತ್ತು ಸಾವಕಾರ್ರ" ಎಂದ. "ಅಮ್ಮಾ ಹೇಳಿದ್ದು ಖರೇ ಅದ. ಒಳಗ ಕಟ್ಟಡ ಕುಸದದ. ನಂದೇ ತಪ್ಪು, ಪಾಯಾ ಸರಿ ಹಾಕಿರಲಿಲ್ಲ. ಹೊರಗ ನಡೀರಿ, ಕಲ್ಲ ಬಾಯಿ ಬಿಟ್ಟೀತು." ಹೇಳಿದವನೇ ಹಿತ್ತಲಿಗೆ ಓಡಿ ಎರಡು ಕೊಡ ನೀರು ಉರಿಯ ಮೇಲೆ ಸುರಿದ. ತನ್ನ ಜನ್ಮದ ಒಂದೇ ಒಂದು ಹೆಮ್ಮೆಯ ಕೆಲಸಕ್ಕೆ ತಾನೇ ಬಾಯಾರೆ ಕೆಟ್ಟ ಹೆಸರಿಟ್ಟ. ಅಷ್ಟರ ಮಟ್ಟಿಗೆ ಆತ ದೊಡ್ಡ ಮನುಷ್ಯ.

ಎರಡನೇ ಕೆಮ್ಮು ಬರಲಿಲ್ಲ. ಚಾಂದಬೀ ಮನಸ್ಸಿನಲ್ಲೇ ಅಲ್ಲಾಹನಿಗೆ ಶುಕರ್ ಹೇಳಿದಳು.

ಪಡಸಾಲೆಯಲ್ಲಿ ಶಾಂತಲಿಂಗಪ್ಪ ನಿಧಾನಕ್ಕೆ ಕೂತ. "ಹಮಾಮ ಅದ ಅಂತ ನನ್ನ ಮನಿಯಾಕಿ ಕುಣಿಯಾಕತ್ತಿದ್ಲು. ಅದೇ ಇಲ್ಲಂದ್ರ ಇದೇನ್ರಿ, ನಾಕು ಗೋಡಿ. ಒಡೆಸಿ ಹೊಟ್ಟು ತುಂಬಬೇಕು. ಏಳು ನೂರು."

"ಆಗ್ಲಿ."

"ಅವ್ವಾರ, ನಾ ಮೋಸ ಮಾಡಾಕತ್ತಿಲ್ಲ ನೋಡ್ರಿ. ಗೌಂಡಿನೇ ಹೇಳ್ಯಾನ."

"ಇಲ್ರಿ, ಮೋಸ ಏನಿಲ್ಲ. ಆಗ್ಲಿ ಅಂದೆನಲ್ಲ."

ಮಾತು ಗಟ್ಟಿಯಾದ ಮೇಲೆ ಎಲೆ ಅಡಿಕೆ ಕೊಡದೆ ಕಳಿಸುವಂತಿಲ್ಲ. ಅವನು ಎಲೆಯ ತೊಟ್ಟು ಮುರಿದ, ಸುಣ್ಣ ಹಚ್ಚಿದ, ಮಡಚಿದ, ಬಾಯಿಗಿಟ್ಟ. ನಾಳೆ ಕಾಗದ ಮಾಡೋಣವೆಂದ. ಅಣ್ಣನ ಮಾತು ತೆಗೆದು ಕಣ್ಣೊರೆಸಿಕೊಂಡ. ಬೆಂಕಿಯ ಮನೆಯಿಂದ ಅಣ್ಣ ಒಂದೇ ಒಂದು ಸಲ ಕೂಗಿದ್ದನಂತೆ. ಚಾಂದಬೀ ತಲೆಬಾಗಿಲಿಗೆ ಒರಗಿ ಅಷ್ಟನ್ನೂ ಕೇಳಿದಳು. ಕಡೆಗೂ ಅವರ ಬಂಡಿ ಓಣಿಯ ತಿರುವು ದಾಟಿತು.

ಅವಳೂ ದೇವಿಂದ್ರಪ್ಪನೂ ಬಟ್ಟೆಯ ರಾಶಿ ಎಳೆದೊಗೆದು ಮೂಲೆಯ ಕಲ್ಲನ್ನು ಎಬ್ಬಿಸಿದರು. ದಟ್ಟ ಹೊಗೆ ಮುಖಕ್ಕೆ ಬಡಿಯಿತು. ಸಿಕಂದರ ಆ ಕಲ್ಲಿನ ಕೆಳಗಿನ ತನಕ ತೆವಳಿ ಬಂದಿದ್ದ. ಒಂದು ಗೇಣು ಕೈ ಎತ್ತಿ ತಳ್ಳಿದ್ದರೆ ಮೇಲೆ ಬರಬಹುದಿತ್ತು. ತಳ್ಳಿರಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಮುದ್ದೆ ಮಾಡಿ ತನ್ನ ಕೈಯಿಂದಲೇ ಬಾಯಿಗೆ ತುರುಕಿಕೊಂಡಿದ್ದ. ಗಂಟಲಿನ ತನಕ. ಕೈ ಇನ್ನೂ ಬಾಯಿಯ ಮೇಲೇ ಇತ್ತು.

ದೇವಿಂದ್ರಪ್ಪ ಅವನನ್ನು ಎತ್ತಿ ತಂದು ನೆಲದ ಮೇಲೆ ಮಲಗಿಸಿದ. ವಸ್ತ್ರ ಎಳೆದು ತೆಗೆದ, ಎದೆ ತಿಕ್ಕಿದ, ಕಪಾಳಕ್ಕೆ ಹೊಡೆದ, ಹೆಸರು ಹಿಡಿದು ಕೂಗಿದ. ಕಡೆಗೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. "ನಿಮಗ ನಾಕ ದುಡ್ಡ ಹೆಚ್ಚ ಬರ್ಲಿ ಅಂತ ಹಚ್ಚಿದೆನ್ರಿ ಅಮ್ಮಾ... ನನಗೇನ ಗೊತ್ತಿತ್ತು..."

ಚಾಂದಬೀ ಅಳಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ ತುಟಿಯ ಮಸಿ ಒರೆಸುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಂಗೈಯನ್ನು ಹಾಸುಗಲ್ಲಿನ ಮೇಲೆ ಊರಿದಳು.

"ಬಿಸಿ ಅದ ನೋಡು ದೇವಿಂದ್ರಪ್ಪ. ಈ ಮೂಲಿಯಿಂದ ಆ ಮೂಲಿತನಕ ಬಿಸಿ ಅದ. ನಿನ್ನ ಕೆಲಸ ಕೆಟ್ಟಿಲ್ಲ."

ಅವನು ಮುಖ ಮುಚ್ಚಿಕೊಂಡ.

"ಸಾವಕಾರ್ಗ ಹೋಗಿ ಹೇಳು, ನಾಳಿ ಕಾಗದ ಮಾಡ್ಲಾಕ ಬರಬ್ಯಾಡ್ರಿ ಅಂತ. ಮನಿ ನಾ ಮಾರೂದಿಲ್ಲ. ಯಾರ್ನ ಕರಕೊಂಡು ಎಲ್ಲಿಗಿ ಹೋಗ್ಲಿ?"