ಜಗಲಿಯ ಕುರ್ಚಿ

ಹುಣಸಮಾರನಹಳ್ಳಿಯ ಲಕ್ಕಣ್ಣನವರ ಮನೆಯಿಂದ ಜಗಲಿಯಲ್ಲೇ ಮಾತು ಮುಗಿಸಿ ಹಿಂದಿರುಗಿದವರು ಯಾರೂ ಇಲ್ಲ. ಎಡಗಾಲನ್ನು ತುಸು ಎಳೆದು ನಡೆಯುವ ಆ ನೀಳಕಾಯದ ಮನುಷ್ಯ, ಹೆಗಲಿಂದ ಜಾರುವ ಟವೆಲನ್ನು ಒಂದು ಕೈಯಲ್ಲಿ ಸಂಭಾಳಿಸುತ್ತ, ಇನ್ನೊಂದರಿಂದ ಬಂದವರ ರಟ್ಟೆ ಹಿಡಿದು, "ಒಳಿಕ್ ಬಾ, ಮೊದ್ಲು ಒಳಿಕ್ ಬಾ" ಎಂದು ನಡುಮನೆಗೆ ಎಳೆದೊಯ್ಯುತ್ತಿದ್ದರು. ಊರಿನ ಶಾಲೆಗೆ ವರ್ಗವಾಗಿ ಬಂದ ನನ್ನನ್ನೂ ಮೊದಲ ದಿನ ಹಾಗೆಯೇ ಎಳೆದರು. ತಮ್ಮ ತಂದೆಯ ಕಾಲದಲ್ಲಿ ಕೆಲವರಿಗೆ ಅದೇ ಜಗಲಿಯಲ್ಲಿ ಎಲೆ ಹಾಕಿ ದೂರದಿಂದ ಬಡಿಸುತ್ತಿದ್ದುದನ್ನು ಅವರು ಕಂಡಿದ್ದರು. ಯಜಮಾನಿಕೆ ಕೈಗೆ ಬಂದ ಮೇಲೆ ಅಲ್ಲಿ ಒಂದು ಕುರ್ಚಿಯನ್ನೂ ಇಡಗೊಡಲಿಲ್ಲ.

ನಡುಮನೆಯ ಕಂಪ್ಯೂಟರಿಗೂ ಇದೇ ನ್ಯಾಯ. ಮಡದಿ ಪಟಾಲಮ್ಮನವರು ಹಾಡಿದ್ದ ಸೋಬಾನೆ ಪದಗಳೆಲ್ಲ ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಆಕೆ ತೀರಿಕೊಂಡ ಮೇಲೆ ಆ ಧ್ವನಿ ಕೇಳದೆ ಬೆಳಗಿನ ಕಾಫಿ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆಯೇ ಬರೆದಿದ್ದರು. ಬಂದವರು ಯಾರೇ ಆಗಲಿ ಒಡೆಯನ ಅಧಿಕಾರದಲ್ಲೇ ಅದನ್ನು ತೆರೆದು ಬೇಕಾದ್ದನ್ನು ಹಾಕಬಹುದು, ತೆಗೆಯಬಹುದು. ಮಗಳು ಮಂಜುಶ್ರೀ ನನ್ನೆದುರೇ ಗೋಗರೆದಳು: "ಅಪ್ಪಾ, ಬಂದೋರಿಗೆ ಬೇರೆ ಅಕೌಂಟ್ ಮಾಡ್ಕೊಡ್ತೀನಿ. ಅವ್ರ ಕೆಲ್ಸ ನಡಿಯುತ್ತೆ, ಹೊಸದೇನೂ ಇನ್‌ಸ್ಟಾಲ್ ಮಾಡೋಕಾಗಲ್ಲ. ಅಡ್ಮಿನ್ ಅಧಿಕಾರ ನಿಮ್ಮೊಬ್ರಿಗೇ ಇರ್ಲಿ."

"ಅಂದ್ರೆ ಬಂದೋರ್ನ ಜಗ್ಲಿ ಮ್ಯಾಲೆ ಕೂರ್ಸು ಅಂತೀಯಾ? ನನ್ ಮನೇಲಿ ಅಂಗೆಲ್ಲ ಇಲ್ಲ ಕಣಮ್ಮ."

ಎಂಥ ಹಟ! ಯಂತ್ರಕ್ಕೆ ಎಲ್ಲಿಯ ಜಗಲಿ ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

2017ರ ಬೇಸಿಗೆಯಲ್ಲಿ ಅವರ ಷಡ್ಡಕ ಬ್ಯಾಟರಾಯಪ್ಪ, ತನ್ನ ಮಗಳ ಲಗ್ನಪತ್ರಿಕೆಗೆ ಅಂದದ ಅಕ್ಷರ ಹುಡುಕುತ್ತ, ಎಲ್ಲೋ ಬಿಟ್ಟಿ ಸಿಕ್ಕ ಪ್ರೋಗ್ರಾಮೊಂದನ್ನು ಆ ಕಂಪ್ಯೂಟರಿನಲ್ಲಿ ಇಳಿಸಿದ. ಅನುಮತಿ ಇದೆಯೇ ಎಂದು ಪರದೆ ಕೇಳಿತು, ಕೊಟ್ಟ. ಸಂಜೆಯ ಹೊತ್ತಿಗೆ ಹಾಡು, ಫೋಟೊ ಎಲ್ಲಕ್ಕೂ ಬೀಗ ಬಿದ್ದು, ಬಿಡಿಸಲು ಹಣ ಕೇಳುವ ಕೆಂಪು ಬರಹವೊಂದು ಮೂಡಿತ್ತು. ಯಲಹಂಕದಿಂದ ಬಂದ ರಿಪೇರಿಯ ಜಾಫರ್ ಬಹಳ ಹೊತ್ತು ಹೆಣಗಾಡಿ, "ದುಡ್ಡು ಕೊಟ್ರೂ ಬರುತ್ತೆ ಅಂತ ಗ್ಯಾರಂಟಿ ಇಲ್ಲ ಸಾರ್" ಎಂದು ಎದ್ದುಬಿಟ್ಟ. ಕಣ್ಣೀರಿಡುತ್ತಿದ್ದ ಬ್ಯಾಟರಾಯಪ್ಪನ ಹೆಗಲ ಮೇಲೆ ಲಕ್ಕಣ್ಣನವರು ಕೈಯಿಟ್ಟರು. "ಬುಡಪ್ಪ, ನೀನೇನ್ ಬೇಕಂತ ಮಾಡಿದ್ಯಾ" ಎಂದರಷ್ಟೇ. ಪಟಾಲಮ್ಮನವರು ಆ ಮನೆಯಲ್ಲಿ ಎರಡನೆಯ ಸಲ ಸತ್ತಿದ್ದರು.

ಆ ಮಳೆಗಾಲದಲ್ಲೊಮ್ಮೆ ಅವರ ಮನೆಗೆ ಹೋದೆ. ಎಂದಿನಂತೆ ರಟ್ಟೆ ಹಿಡಿಯುವ ಕೈಗಾಗಿ ಮೆಟ್ಟಿಲ ಬಳಿ ಕ್ಷಣಕಾಲ ನಿಂತೆ. ಜಗಲಿಯಲ್ಲಿ ಕುರ್ಚಿಯೊಂದಿತ್ತು. ಲಕ್ಕಣ್ಣನವರು ಅದರ ಧೂಳನ್ನು ಟವೆಲಿನಿಂದ ಒರೆಸಿ, "ಇಲ್ಲೇ ಕೂತ್ಕಳಿ ಮೇಷ್ಟ್ರೇ" ಎಂದರು. ಕಾಫಿ ಅಲ್ಲಿಗೇ ಬಂತು.

ಬಾಗಿಲು ತೆರೆದಿಡುವುದೇ ಧರ್ಮವೆಂದು ನಂಬಿದವರಿಗೆ ಅದನ್ನು ಅರ್ಧ ಮುಚ್ಚುವ ವಿದ್ಯೆ ಕಡೆಗೂ ಬರುವುದಿಲ್ಲ. ಪೆಟ್ಟು ಬಿದ್ದ ದಿನ ಅವರು ಪೂರ್ತಿ ಮುಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಕಾಯಬೇಕಾದ್ದೇನೂ ಒಳಗೆ ಉಳಿದಿರುವುದಿಲ್ಲ.