ತಿದ್ದುಪಡಿ ಮೇಲ್

ಗಂಡ ತೀರಿಕೊಂಡ ಹತ್ತೊಂಬತ್ತನೆಯ ದಿನ ಅವಳು ಜಪಾನಿನ ಕಂಪನಿಯೊಂದಕ್ಕೆ ರೆಸ್ಯೂಮೆ ಕಳಿಸಿದಳು. ಕಲ್ಲೆದೆಯವಳು ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಅರ್ಜಿಗೆ ಅದೇ ಕೊನೆಯ ದಿನವಾಗಿತ್ತು. ಹಾಕು ಹಾಕು ಎಂದು ಆರು ತಿಂಗಳು ಬೆನ್ನು ಬಿದ್ದಿದ್ದವನೂ ಆ ಪುಣ್ಯಾತ್ಮನೇ. ಪ್ಲಾಸ್ಟಿಕ್ ಸಾಮಾನು ಎರೆಯುವ ಅಚ್ಚುಗಳನ್ನು ಮಾಡುವ ಕಾರ್ಖಾನೆಯಲ್ಲಿ ಆ ಅಚ್ಚಿನ ಉಕ್ಕನ್ನು ಮುಖ ಕಾಣುವಷ್ಟು ಹೊಳೆಯುವವರೆಗೆ ತಿಕ್ಕುವುದು ಅವಳ ಕಸುಬು. ಹದಿನಾಲ್ಕು ವರ್ಷ ತಿಕ್ಕಿದ್ದಳು. ಆ ಕಾರ್ಖಾನೆ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿತ್ತು. ಈ ಕೆಲಸವೂ ಕೈತಪ್ಪಿದರೆ ಮುಂದೇನು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅವಳಿಗೆ ಜಪಾನಿ ಭಾಷೆ ಕಲಿಸುವ ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. ಅವರದೋ ನೂರೆಂಟು ನೇಮ. ವಿಷಯದ ಸಾಲಿನಲ್ಲಿ ಹುದ್ದೆಯೂ ಹೆಸರೂ ಇರಬೇಕು, ಕಂಪನಿಯ ಹೆಸರನ್ನು ಮೊಟಕು ಮಾಡಬಾರದು, ಅವರ ಕಚೇರಿ ವೇಳೆಯಲ್ಲೇ ಕಳಿಸಬೇಕು, ಬಿಡುವಿಲ್ಲದವರಿಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಬೇಕು. ತಾರೀಖಂತೂ ಕಳಿಸುವ ದಿನದ್ದೇ ಆಗಿರಬೇಕು. ಜಪಾನಿನವರ ರೆಸ್ಯೂಮೆ ಎಂದರೆ ಒಂದು ಫಾರಂ, ಎರಡು ತಿಂಗಳ ಹಿಂದೆ ಗಂಡನೇ ಕೂತು ತುಂಬಿಸಿಕೊಟ್ಟಿದ್ದ. ಅವಳು ತಾರೀಖು ಬದಲಾಯಿಸಿ ಕಳಿಸಿದಳು, ಮನೆಗೆ ಹೋಗಿ ಬಟ್ಟೆ ಒಗೆದು ಹರವಿದಳು. ಸಂಜೆ ಮುಟ್ಟಿ ನೋಡಿದರೆ ಒಣಗಿದ್ದವು, ಮಡಚಿಟ್ಟಳು.

ನಾಲ್ಕನೆಯ ದಿನ ಉತ್ತರ ಬಂತು. ಮೇಷ್ಟ್ರು ಓದಿ ಹೇಳಿದರು. ವಿಡಿಯೋ ಸಂದರ್ಶನಕ್ಕೆ ಕರೆದಿದ್ದಾರೆ, ಆಯ್ಕೆಯಾದರೆ ಇಬ್ಬರಿಗೆ ಸಾಲುವ ಮನೆ ಕೊಡುತ್ತಾರಂತೆ, ಪತಿಯ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಕಂತೆ. ಅಷ್ಟು ಹೇಳಿ ಕನ್ನಡಕ ತೆಗೆದರು. ಫಾರಂನಲ್ಲಿ ಪತಿ ಎಂದಿದ್ದ ಕಡೆ, 'ಇದ್ದಾರೆ' ಎಂಬುದರ ಸುತ್ತ ಗಂಡ ಹಾಕಿದ್ದ ಸುತ್ತು ಹಾಗೇ ಉಳಿದಿತ್ತು. ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ಇವತ್ತೇ ತಿದ್ದುಪಡಿ ಅಂತ ಇನ್ನೊಂದು ಮೇಲ್ ಹಾಕ್ಬೇಕಮ್ಮ. ಸುಳ್ಳು ಬರ್ದಿದಾಳೆ ಅಂದ್ಕೊಂಡ್ರೆ ಕೆಲಸ ಹೋದ ಹಾಗೇನೇ."

ಹೇಗೆ ಹೋದರು ಎಂದು ಬರೆಯಬೇಕೇ ಅಂತ ಕೇಳಿದಳು. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಬೇಡವೆಂದರು. ಕಾರಣ ಹೇಳಿದರೆ ನೆಪ ಹೇಳಿದಂತಾಗುತ್ತದಂತೆ. ತಪ್ಪು ಯಾವುದು, ಸರಿ ಯಾವುದು, ಕೊನೆಗೊಂದು ಕ್ಷಮೆ, ಅಷ್ಟೇ ಕ್ರಮ. ಅವರು ಒಂದೊಂದೇ ಸಾಲು ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು.

ತಪ್ಪು: ಪತಿ ಇದ್ದಾರೆ.
ಸರಿ: ಪತಿ ಇಲ್ಲ.
ನನ್ನ ಅಜಾಗರೂಕತೆಯಿಂದ ಹೀಗಾಯಿತು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.

ಅಲ್ಲಿಗೆ ಅವಳ ಕೈ ನಿಂತಿತು. ಅದೆಲ್ಲ ಬರೀ ವಾಡಿಕೆಯ ಮಾತು, ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಮೇಷ್ಟ್ರು ಅವಸರದಲ್ಲಿ ಸಮಾಧಾನ ಹೇಳಿದರು.

"ಇಲ್ಲ ಮೇಷ್ಟ್ರೇ, ನಿಜಾನೇ," ಅಂದಳು. ದನಿಯಲ್ಲಿ ಏರಿಲ್ಲ, ಇಳಿವಿಲ್ಲ. "ಎದೆ ಹಿಡ್ಕೊಂಡ ಹಾಗಾಗ್ತಿದೆ ಅಂದ್ರು. ಗ್ಯಾಸ್ ಇರ್ಬೇಕು, ಮಲಕ್ಕೊಳ್ಳಿ ಅಂದೆ. ಯಾರಿಗೂ ಹೇಳಿಲ್ಲ ಇದನ್ನ."

ಅವಳು ಬರೆದದ್ದನ್ನು ಎರಡು ಸಲ ಓದಿ ನೋಡಿದಳು, ಒಂದಕ್ಷರವನ್ನೂ ಬದಲಾಯಿಸಲಿಲ್ಲ, ಅಲ್ಲಿ ಕಚೇರಿ ಮುಚ್ಚಲು ಇನ್ನೂ ಹತ್ತು ನಿಮಿಷವಿರುವಾಗ ಕಳಿಸಿದಳು.