ಖೈರ್‌ಕಾ ಮನೆಯ ಕಾಗದ

"ಇದು ಹೆಸರೇ ಅಲ್ಲ ರವೂಫ್," ಎಂದರು ವಿಠಲಾಚಾರ್ಯರು, ಭೂತಕನ್ನಡಿಯನ್ನು ಕಾಗದದ ಮೇಲಿಂದ ಎತ್ತದೆ.

ರವೂಫ್‌ನಿಗೆ ಸರಿಯಾಗಿ ಕೇಳಿಸಲಿಲ್ಲ. ನಂತೂರಿನಲ್ಲಿ ಹೈವೇಗೆ ಮುಖ ಮಾಡಿ ಮನೆ ಕಟ್ಟಿಕೊಂಡ ಮೇಲೆ ಯಾರ ಮಾತು ಯಾರಿಗೆ ಕೇಳಿಸೀತು! ಲಾರಿಯೊಂದು ಏರು ಹತ್ತಿದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು, ಆಚಾರ್ಯರ ಹೆಂಡತಿ ಗಿರಿಜಮ್ಮ ತಂದಿಟ್ಟ ಪುನರ್ಪುಳಿ ಶರಬತ್ತಿನ ಲೋಟವೂ ನಡುಗುತ್ತಿತ್ತು. ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಆಚಾರ್ಯರಿಗೆ ಹಳೆಯ ದಾಖಲೆಗಳ ಮೋಡಿ ಅಕ್ಷರ ಓದಲು ಬರುತ್ತದೆಂದು ಯಾರೋ ಹೇಳಿ, ತನ್ನ ಮನೆಯ ಪೆಟ್ಟಿಗೆಯಲ್ಲಿದ್ದ ಕಾಗದ ಹಿಡಿದು ಅವನು ಇಲ್ಲಿಗೆ ಬರುತ್ತಿರುವುದು ಇದು ಐದನೆಯ ಸಲ. ಕುದ್ರೋಳಿಯಿಂದ ಎರಡು ಬಸ್ಸು, ಆಮೇಲೆ ಹದಿನೆಂಟು ಮೆಟ್ಟಿಲು. ಅರವತ್ತಾರು ವರ್ಷದ ಮೊಣಕಾಲು ಪ್ರತಿ ಮೆಟ್ಟಿಲಿಗೂ ಒಂದೊಂದು ಮಾತು ಬೈದಿತ್ತು.

"ಎಂತ ಹೇಳಿದ್ರಿ?"

"ಖೈರ್‌ಕಾ ಅಂತ ನೀವು ಹೇಳ್ತೀರಲ್ಲ, ಅದು ಮನುಷ್ಯನ ಹೆಸರಲ್ಲ ಮಾರಾಯ್ರೆ. ಇಲ್ಲಿ ಇರುದು ಖೈರ್‌ಖ್ವಾ. ಹಾಗೆಂದ್ರೆ ಸರ್ಕಾರದ ಹಿತ ಬಯಸುವವ. ಕುಂಪಣಿಯ ಕಡೆಯವ. ಬ್ರಿಟಿಷರು ತಮಗೆ ನಿಯತ್ತಾಗಿದ್ದವರನ್ನು ಹಾಗೆ ಬರೀತಿದ್ರು."

ರವೂಫ್ ಲೋಟ ಎತ್ತಿಕೊಂಡವನು ಕುಡಿಯದೆ ಮತ್ತೆ ಅಲ್ಲೇ ಇಟ್ಟ.

ಬ್ಯಾರಿಗಳಲ್ಲಿ ಹಿರಿಯರ ಹೆಸರಿಗೆ 'ಕಾ' ಸೇರಿಸಿ ಕರೆಯುವುದು ರೂಢಿ. ಅವನ ದಿನಸಿ ಅಂಗಡಿಗೆ ಬರುವವರಿಗೆಲ್ಲ ಅವನು ರವೂಫ್‌ಕಾ. ಹಾಗೆಯೇ ಅವನ ಮನೆತನದ ಮೂಲಪುರುಷ ಖೈರ್‌ಕಾ. ಖೈರ್ ಎಂದರೆ ಒಳಿತು. ಒಳ್ಳೆಯ ಮನುಷ್ಯನಿಗೆ ಒಳ್ಳೆಯ ಹೆಸರು, ಅನುಮಾನ ಯಾರಿಗೆ ಯಾಕೆ ಬರಬೇಕು? ಮನೆಯ ಹೆಸರು ಖೈರ್‌ಕಾ ಮನೆ. ಮಸೀದಿಯ ಹಿಂದಿನ ದಫನಭೂಮಿಯ ಮೂಲೆಯಲ್ಲಿ ಖೈರ್‌ಕಾನ ಗೋರಿ. ವರ್ಷಕ್ಕೊಮ್ಮೆ ಅವನ ಹೆಸರಿನಲ್ಲಿ ಕುರಾನಿನ ಯಾಸೀನ್ ಅಧ್ಯಾಯ ಓದಿಸಿ ಕೇರಿಗೆಲ್ಲ ತುಪ್ಪದನ್ನ. ಕುಂಪಣಿಯ ಮೇಲೆ ದಂಗೆ ಎದ್ದ ಇಬ್ಬರನ್ನು ಖೈರ್‌ಕಾ ತನ್ನ ಹಾಯಿಮಂಜಿಯೊಳಗೆ, ಸರಕು ಸಾಗಿಸುವ ಆ ದೋಣಿಯ ಒಣಮೀನಿನ ಮೂಟೆಗಳ ನಡುವೆ ಅಡಗಿಸಿಟ್ಟಿದ್ದನಂತೆ. ಈ ಕಥೆ ಕೇಳದೆ ಆ ಮನೆಯ ಯಾವ ಮಗುವೂ ಉಂಡದ್ದಿಲ್ಲ. ರವೂಫ್‌ನ ತಾಯಿ ಅಲೀಮಮ್ಮ ಕಥೆ ಅಲ್ಲಿಗೆ ಬಂದಾಗ, "ಉಸಿರು ಬಿಡಬೇಡ, ಸಿಪಾಯಿ ಬಂದ" ಎಂದು ಅವನ ಬಾಯಿಯನ್ನೇ ಮುಚ್ಚುತ್ತಿದ್ದಳು. ಆ ಅಂಗೈಯ ಬೆಳ್ಳುಳ್ಳಿ ವಾಸನೆ ಅವನಿಗೆ ಈಗಲೂ ನೆನಪಿದೆ.

"ಮಂಜಿಯ ವಿಷಯ ಉಂಟಾ ಅದರಲ್ಲಿ?"

"ಉಂಟು." ಆಚಾರ್ಯರು ಬೆರಳಿಟ್ಟು ನಿಧಾನವಾಗಿ ಓದಿದರು. "ಕಣ್ಣೂರಿನಿಂದ ದಂಡಿನ ಸಂಗಡ ಬಂದ ಖೈರ್‌ಖ್ವಾ ಪೋಕರನು, ದಂಗೆಯವರ ಪೈಕಿ ಇಬ್ಬರು ಮಂಜಿಯಲ್ಲಿ ಅಡಗಿದ್ದನ್ನು ತೋರಿಸಿಕೊಟ್ಟ ಬಾಬತ್ತು, ಕುದ್ರೋಳಿಯಲ್ಲಿ ಮನೆ ಕಟ್ಟಿಕೊಂಡು ಇರಲು ಜಾಗ ಕೊಡಿಸಲಾಗಿದೆ."

"ಅಡಗಿಸಿದ್ದು ಅಲ್ಲವಾ? ಸರಿಯಾಗಿ ನೋಡಿ."

"ಅಡಗಿದ್ದನ್ನು ತೋರಿಸಿಕೊಟ್ಟದ್ದು. ನಾಲ್ಕು ಸಲ ನೋಡಿದೆ. ಪೋಕರ್ ಅನ್ನುದೇ ನಿಮ್ಮ ಹಿರಿಯನ ನಿಜವಾದ ಹೆಸರು."

"ಆ ಇಬ್ಬರು?"

"ಹೆಸರಿಲ್ಲ. ಕೆಳಗೆ ಗಲ್ಲು ಆಯಿತು ಅಂತ ಉಂಟು. ಅಷ್ಟೆ."

ಬೇರೆ ಸಮಯದಲ್ಲಾಗಿದ್ದರೆ ರವೂಫ್ ಕಾಗದ ಮಡಚಿ ಪೆಟ್ಟಿಗೆಗೆ ಹಾಕಿ ಸುಮ್ಮನಾಗುತ್ತಿದ್ದ. ಆದರೆ ರಸ್ತೆ ಅಗಲ ಮಾಡುವವರು ದಫನಭೂಮಿಯ ಗೋಡೆಗೆ ಕೆಂಪು ಗೆರೆ ಎಳೆದು ಮೂರು ತಿಂಗಳಾಗಿತ್ತು. ಗೆರೆಯೊಳಗೆ ಬರುವುದು ಆ ಮೂಲೆ. ಆ ಮೂಲೆಯಲ್ಲಿ ಖೈರ್‌ಕಾನ ಮಗ್ಗುಲಿಗೆ, ನಾಲ್ಕು ವರ್ಷದಿಂದ, ರವೂಫ್‌ನ ಹೆಂಡತಿ ಝಹ್ರಾ ಮಲಗಿದ್ದಾಳೆ. ಬಂದರಿನ ಧಕ್ಕೆಯಿಂದ ಬರುವ ಮೀನಿನ ಲಾರಿ ನೀರು ಚೆಲ್ಲುತ್ತ ಹೋದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಡ್ರೈವರನ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದ ಝಹ್ರಾ! ಇನ್ನು ಆ ಲಾರಿಗಳು ಅವಳ ಎದೆಯ ಮೇಲೆಯೇ ಹೋಗುತ್ತವೆ. ರಸ್ತೆಯ ಇಂಜಿನಿಯರ್ ಕೆಟ್ಟವನೇನಲ್ಲ. "ಸ್ವಾತಂತ್ರ್ಯ ಹೋರಾಟಗಾರನ ಗೋರಿ ಅಂತ ಒಂದು ದಾಖಲೆ ತನ್ನಿ. ಗೆರೆಯನ್ನು ಎದುರಿನ ಖಾಲಿ ಜಾಗಕ್ಕೆ ಸರಿಸ್ಲಿಕ್ಕೆ ನನಗೆ ಒಂದು ಕಾರಣ ಆಗ್ತದೆ" ಎಂದಿದ್ದ. ಗೆರೆಯ ಬಗ್ಗೆ ಅವನ ಕಚೇರಿಯಲ್ಲಿ ವಿಚಾರಣೆ ಮರುದಿನ ಹನ್ನೊಂದು ಗಂಟೆಗೆ.

ಆಚಾರ್ಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೋಡಿ, ಈ ಮೋಡಿ ಓದುವವರು ಊರಲ್ಲಿ ಇನ್ನು ಮೂರೇ ಜನ. ಇಬ್ಬರಿಗೆ ಕಣ್ಣು ಹೋಗಿದೆ. ಹಾಳೂರಿಗೆ ಉಳಿದವನೇ ಗೌಡ. ನಾನು ಬರೆದದ್ದನ್ನು ತಪ್ಪು ಅಂತ ಹೇಳುವವರು ಯಾರೂ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಅಂದರು, "ಬರೀತೇನೆ ಅಂತ ಹೇಳಿಲ್ಲ. ಬರೆಯುದಿಲ್ಲ ಅಂತಲೂ ಹೇಳುದಿಲ್ಲ. ನನ್ನ ಹೆಂಡತಿ ಅಲ್ಲಿ ಮಲಗಿದ್ರೆ ನಾನು ಎಂತ ಮಾಡ್ತಿದ್ದೆ, ನನಗೆ ಗೊತ್ತಿಲ್ಲ."

"ನಾನು ಇಲ್ಲೇ ಇದ್ದೇನೆ, ಕೇಳ್ತದೆ," ಎಂದರು ಗಿರಿಜಮ್ಮ ಒಳಗಿನಿಂದ.

ಆಚಾರ್ಯರು ಉಳಿದುದನ್ನೆಲ್ಲ ಕನ್ನಡದಲ್ಲಿ ಬರೆದು, ಆ ಒಂದು ಸಾಲಿನ ಜಾಗವನ್ನು ಖಾಲಿ ಬಿಟ್ಟರು. "ನಾಳೆ ಬೆಳಿಗ್ಗೆ ಬನ್ನಿ. ನೀವು ಹೇಳಿದ ಹಾಗೆ."

ಕುದ್ರೋಳಿಗೆ ಬರುವಷ್ಟರಲ್ಲಿ ತಮ್ಮ ಸಿದ್ದೀಕ್ ಅಂಗಡಿಯ ಮುಂದೆ ಫ್ಲೆಕ್ಸ್ ಬಿಡಿಸಿ ಹಿಡಿದುಕೊಂಡಿದ್ದ. ದುಡಿಯಲು ಹೋಗಿದ್ದ ದಮ್ಮಾಮಿನಿಂದ ಹಿಂದಿರುಗಿದ ಮೇಲೆ ಅವನು ಮಸೀದಿಯ ಜಮಾತಿನ ಕಾರ್ಯದರ್ಶಿ. ಗೆರೆ ಸರಿಸಲು ಅರ್ಜಿ ಕೊಟ್ಟವನೂ ಅವನೇ. ಫ್ಲೆಕ್ಸಿನಲ್ಲಿ 'ವೀರ ಹೋರಾಟಗಾರ ಖೈರ್‌ಕಾ' ಎಂಬ ಅಕ್ಷರಗಳ ಕೆಳಗೆ ಮುಂಡಾಸು ಸುತ್ತಿ ಕತ್ತಿ ಹಿಡಿದ ಒಬ್ಬ.

"ಈ ಮೀಸೆ ಯಾರದ್ದು?"

"ಇಂಟರ್‌ನೆಟ್‌ದು. ಚಂದ ಉಂಟಲ್ಲ?"

ರವೂಫ್ ಅಕ್ಕಿಮೂಟೆಯ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಸಿದ್ದೀಕ್ ಫ್ಲೆಕ್ಸ್ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಅವನ ಮುಖ ಬಿದ್ದುಹೋದದ್ದು ಒಂದೇ ಗಳಿಗೆ.

"ಸರಿ, ಆಚಾರ್ರು ಬರೀತೇನೆ ಅಂದ್ರಲ್ಲ? ಬರೆಸು. ಸತ್ತವನಿಗೆ ಎಂತ ಹೋಗ್ತದೆ? ಒಂದು ಸಾಲಿಗೆ ನೀನು ಹರಿಶ್ಚಂದ್ರ ಆಗುದು ಬೇಡ ರವೂಫ್‌ಕಾ. ಅತ್ತಿಗೆಯ ಮೇಲೆ ಲಾರಿ ಓಡಿಸ್ತೀಯಾ?"

ದಾರಿಯುದ್ದಕ್ಕೂ, ಎರಡೂ ಬಸ್ಸುಗಳಲ್ಲಿ, ರವೂಫ್ ತನಗೆ ತಾನೇ ಹೇಳಿಕೊಂಡು ಬಂದದ್ದೂ ಅದನ್ನೇ. ಬರೆಸಿಬಿಡು, ಬರೆಸಿಬಿಡು. ಆದರೆ ಪ್ರತಿ ಸಲವೂ ಬಾಯಿಯ ಮೇಲೆ ಆ ಬೆಳ್ಳುಳ್ಳಿಯ ಅಂಗೈ ಬರುತ್ತಿತ್ತು. ಮೂಟೆಗಳ ನಡುವೆ ಉಸಿರು ಹಿಡಿದು ಕೂತ ಇಬ್ಬರು, ಮಂಜಿಯ ಹಲಗೆಯ ಮೇಲೆ ಸಿಪಾಯಿಯ ಬೂಟು, ಸಿಪಾಯಿಯ ಮುಂದೆ ದಾರಿ ತೋರಿಸುತ್ತಾ ಬರುವ ಒಬ್ಬ.

"ಆ ಇಬ್ಬರಿಗೂ ಮನೆಮಠ ಇತ್ತು, ಅಲ್ಲವಾ?" ಎಂದ. "ಅವರನ್ನು ಹಿಡಿದುಕೊಟ್ಟು ಸಿಕ್ಕಿದ ಜಾಗದಲ್ಲಿ ನಾವು ಕೂತಿದ್ದೇವೆ. ಈಗ ಅವರನ್ನು ಕಾಪಾಡಿದ್ದೂ ನಾವೇ ಅಂತ ಬೋರ್ಡ್ ಹಾಕುದಾ? ಒಬ್ಬರನ್ನು ಎಷ್ಟು ಸಲ ಹಿಡಿದುಕೊಡುದು ಸಿದ್ದೀಕ್?"

ಸಿದ್ದೀಕ್ ಸ್ಕೂಟರ್ ಹತ್ತಿ ಹೋದ. ಹೋಗುವಾಗ ಸಲಾಂ ಹೇಳಲಿಲ್ಲ.

ಬೆಳಿಗ್ಗೆ ಮತ್ತೆ ಎರಡು ಬಸ್ಸು, ಹದಿನೆಂಟು ಮೆಟ್ಟಿಲು. "ಇದ್ದದ್ದನ್ನು ಬರೀರಿ," ಎಂದ ರವೂಫ್, ಬಾಗಿಲಲ್ಲೇ ನಿಂತು. ಕೂತರೆ ಮನಸ್ಸು ಬದಲಾದೀತೆಂದು ಅವನಿಗೆ ಹೆದರಿಕೆ. ಆಚಾರ್ಯರು ಖಾಲಿ ಬಿಟ್ಟ ಜಾಗದಲ್ಲಿ ಬರೆದು ಸಹಿ ಹಾಕಿದರು. ಅವನು ಇಳಿಯುವಾಗ, ಆ ವಯಸ್ಸಿನಲ್ಲಿ, ಕೊನೆಯ ಮೆಟ್ಟಿಲಿನವರೆಗೂ ಜೊತೆಗೆ ಇಳಿದು ಬಂದರು.

ಇಂಜಿನಿಯರ್ ಕಾಗದವನ್ನು ಎರಡು ಸಲ ಓದಿದ. "ನಿಮ್ಮ ಜಮಾತಿನ ಅರ್ಜಿಯಲ್ಲಿ ಬೇರೆಯೇ ಉಂಟಲ್ಲ?"

"ಅದು ತಪ್ಪು. ನಾವು ಹೆಸರು ತಪ್ಪು ಕೇಳಿಸಿಕೊಂಡದ್ದು."

"ಹಾಗಾದ್ರೆ ಗೆರೆ ಅಲ್ಲೇ ಇರ್ತದೆ ಮಾರಾಯ್ರೆ. ನಾನು ಎಂತ ಮಾಡ್ಲಿಕ್ಕೂ ಆಗುದಿಲ್ಲ."

"ಗೊತ್ತುಂಟು," ಎಂದು ರವೂಫ್ ಎದ್ದ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅವನು ದಫನಭೂಮಿಗೆ ಹೋದ. ಮಸೀದಿಯ ಕೆಲಸ ನೋಡಿಕೊಳ್ಳುವ ಮುದುಕ ಶಾಹುಲ್ ಹಿಂದೆಯೇ ಬಂದು, ಮೂಲೆಯ ಹಳೆಯ ಕಲ್ಲಿನೆದುರು ವಾಡಿಕೆಯಂತೆ ಕೈಯೆತ್ತಿದ.

"ಖೈರ್‌ಕಾನ ಹೆಸರಿಗಾ?"

"ಅಲ್ಲ. ಪೋಕರ್ ಅಂತ ಹೇಳು."

"ಯಾವ ಪೋಕರ್?"

"ನಮ್ಮವನೇ. ಇಷ್ಟು ವರ್ಷ ಯಾರೂ ಹೆಸರು ಹಿಡಿದು ಕರೀಲಿಲ್ಲ." ರವೂಫ್ ಕಲ್ಲಿನ ಮೇಲಿನ ಧೂಳು ಒರೆಸಿದ. "ದೊಡ್ಡ ತಪ್ಪು ಮಾಡಿದವ. ಅವನಿಗೆ ದುಆ ಹೆಚ್ಚು ಬೇಕು. ಮತ್ತೆ ಇನ್ನಿಬ್ಬರು ಇದ್ದಾರೆ. ಅವರ ಹೆಸರು ಗೊತ್ತಿಲ್ಲ."

"ಹೆಸರಿಲ್ಲದೆ ಹೇಗೆ ಕೇಳುದು?"

"ಮಂಜಿಯಲ್ಲಿದ್ದವರು ಅಂತ ಹೇಳು. ಅಲ್ಲಾಹನಿಗೆ ಗೊತ್ತುಂಟು."

ಶಾಹುಲ್ ಕಣ್ಣು ಮುಚ್ಚಿ ಓದಿದ. ಓದಿ ಮುಗಿದ ಮೇಲೆ ರವೂಫ್ ಪಕ್ಕಕ್ಕೆ ಸರಿದು ಝಹ್ರಾಳ ಬಳಿ ಕೂತ. ಗೋರಿಯ ಮೇಲಿನ ಹುಲ್ಲು ಕೀಳತೊಡಗಿದ.

"ರಸ್ತೆ ಬರ್ತದಂತಲ್ಲ," ಎಂದ ಶಾಹುಲ್, ಮೆಲ್ಲಗೆ. "ಇನ್ನು ಎಂತಕ್ಕೆ ಇದೆಲ್ಲ?"

"ಇವತ್ತು ಬಂದಿಲ್ಲ ಅಲ್ಲವಾ."

ಕೆಂಪು ಗೆರೆಯ ಗೋಡೆಯಾಚೆ ಮೀನಿನ ಲಾರಿಯೊಂದು ನೀರು ಚೆಲ್ಲುತ್ತ ಹೋಯಿತು. ವಾಸನೆ ಗೋಡೆ ಹತ್ತಿ ಒಳಗೆ ಬಂತು. ರವೂಫ್ ಹೆಗಲ ಮೇಲಿನ ಬೈರಾಸು ತೆಗೆದು ಅವಳ ತಲೆಯ ಕಡೆಯ ಕಲ್ಲಿಗೆ ಹೊದಿಸಿ, ವಾಸನೆ ಹೋಗುವವರೆಗೂ ಎರಡೂ ಕೈಯಿಂದ ಹಿಡಿದುಕೊಂಡು ಕೂತ.